ನಾಲ್ಕನೇ ಪ್ಯಾಲೆಟ್ಟಿನ ಅಕ್ಕಿಕಾಳು

ಸುಬ್ರಮಣಿ ಸರ್ ಮನೆಯವರಿಗೆ, ಚಿಕ್ಕಜಾಲದ ಹಿರಿಯರಿಗೆ, ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಬೆಂದು ಇಲ್ಲಿಗೆ ಬಂದಿರುವ ವರ್ಕ್‌ಶಾಪಿನ ಬಂಧುಗಳಿಗೆ — ನಮಸ್ಕಾರ. ನಯನಾ ಮೇಡಂ, ನೀವು ನಿಮ್ಮ ಯಜಮಾನರ ಫೋಟೋ ಪಕ್ಕ ಮುಂದೆಯೇ ಕೂತಿದ್ದೀರಿ. ನಿಮ್ಮ ಮುಖ ನೋಡಿದರೆ ನನಗೆ ಮಾತು ಹೊರಡಲ್ಲ. ಅದಕ್ಕೇ ಹಿಂದಿನ ಸಾಲು ನೋಡಿಕೊಂಡು ಮಾತಾಡ್ತೀನಿ. ಹಿಂದಿನ ಸಾಲಿನಲ್ಲಿ ನಾನು ಕಣ್ಣಿಡಬೇಕಾದವರು ಒಬ್ಬರಿದ್ದಾರೆ ಕೂಡ.

ನಾನು ಮಂಜುಶ್ರೀ. ಈ ಶೆಡ್ಡಿನಲ್ಲಿ ಕ್ವಾಲಿಟಿ ನೋಡಿಕೊಳ್ಳೋಳು. ಅಂದರೆ — ಸಂಬಳ ತಗೊಂಡು ಅನುಮಾನ ಪಡೋಳು. ಆದರೆ ಸರ್ ಮುಂದೆ ನಾನೇನೂ ಅಲ್ಲ. ನನ್ನದು ಸಂಬಳದ ಅನುಮಾನ, ಅವರದ್ದು ಹುಟ್ಟಿನಿಂದ ಬಂದಿದ್ದು. ಶೆಡ್ಡಿಗೆ ಬೀಗ ಹಾಕೋರು, ಎಳೆದು ನೋಡೋರು, ಆಮೇಲೆ ನನ್ನ ಕೈಯಲ್ಲೂ ಎಳೆಸೋರು.

ಒಳಗಿರುವ ಮೆಷಿನ್ ನಿಮ್ಮಲ್ಲಿ ಕೆಲವರು ನೋಡಿಲ್ಲ. ದೊಡ್ಡ ಸಿಎನ್‌ಸಿ, ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯೋದು. ಅದರ ಪಕ್ಕದಲ್ಲಿ ಕಬ್ಬಿಣದ ಪೀಠಗಳು ಸಾಲಾಗಿ ಕಾಯ್ತಾ ಇರ್ತವೆ, ಅವಕ್ಕೆ ಪ್ಯಾಲೆಟ್ ಅಂತೀವಿ. ಮದುವೆ ಮನೆಯಲ್ಲಿ ಒಂದು ಪಂಕ್ತಿ ಊಟ ಮಾಡ್ತಿರುವಾಗಲೇ ಇನ್ನೊಂದು ಪಂಕ್ತಿಗೆ ಎಲೆ ಹಾಕಲ್ವಾ? ಹಾಗೆ. ಒಂದರ ಮೇಲಿನ ಪೀಸು ಕೊರೆಯುವಷ್ಟರಲ್ಲಿ ನಾವು ಮಿಕ್ಕವಕ್ಕೆ ಪೀಸು ಕೂರಿಸಿಡ್ತೀವಿ. ಮೆಷಿನ್ ತಾನೇ ಒಂದೊಂದನ್ನೇ ಒಳಗೆ ಎಳ್ಕೊಳ್ಳುತ್ತೆ. ತಂದು ನಿಲ್ಲಿಸಿದ ದಿನ ಕಂಪನಿಯ ಹುಡುಗ ಹೇಳಿದ, "ಸರ್, ಇದನ್ನು ನಂಬಿ ಬಿಟ್ಟು ಆರಾಮಾಗಿ ಮನೆಗೆ ಹೋಗಬಹುದು." ಸರ್ ಅಂದರು, "ಒಲೆ ಮೇಲೆ ಆಲಿಟ್ಟು ನಂಬಿ ಓಗ್ತೀರೇನ್ರೀ?"

ಅವರದ್ದು ಎರಡು ಕಟ್ಟಳೆ. ಪೀಸು ಕೂರಿಸುವ ಮುಂಚೆ ಅದು ಕೂರುವ ಜಾಗವನ್ನು ಬರೀ ಅಂಗೈಯಲ್ಲಿ ಹೀಗೆ — ಹೀಗೆ — ಸವರಿ ನೋಡಬೇಕು. ಎರಡನೇದು, ಯಾವ ಪ್ಯಾಲೆಟ್ಟಿನಲ್ಲಿ ಆದ ಪೀಸೋ ಆ ನಂಬರನ್ನು ಅದರ ಮೇಲೆ ಹೊಡೆಯಬೇಕು. ಪ್ರತಿಯೊಂದರ ಮೇಲೂ! ನಾವು ರೇಗಿಸ್ತಿದ್ವಿ, "ಏನ್ ಸರ್, ನಾಮಕರಣ ಆಯ್ತಾ?" ಅಂತ. "ನಗಿ ನಗಿ," ಅನ್ನೋರು. "ಕಳ್ಳ ಸಿಕ್ದಾಗ ಅವನ ಎಸ್ರು ಗೊತ್ತಿರ್ಬೇಕಲ್ಲ."

ಸರ್ ಎದೆನೋವು ಅಂತ ಹೋದವರು ವಾಪಸ್ ಬರಲಿಲ್ಲ. ಕಾರ್ಯ ಮುಗಿಸಿ ನಾವು ಶೆಡ್ ಬಾಗಿಲು ತೆಗೆದ್ವಿ. ತೆಗೆದ ಮೇಲೆ ಪೀಸು ಕೆಡೋಕೆ ಶುರುವಾಯ್ತು. ನಾವು ಕೊರೆಯೋದು ಪಂಪಿನ ಬಾಡಿ, ಅದರ ಮುಖ ಓರೆ. ಎಲ್ಲವೂ ಅಲ್ಲ, ಆಗಾಗ ಒಂದು. ಪಾರ್ಟಿಯವರು ಲಾಟ್ ವಾಪಸ್ ಕಳಿಸಿ, ಇನ್ನೊಂದು ಸಲ ಹೀಗಾದರೆ ಕೆಲಸ ಬೇರೆ ಕಡೆ ಕೊಡ್ತೀವಿ ಅಂದರು.

ಅಷ್ಟರಲ್ಲಿ ವಿಜಯ್ ಕುಮಾರ್ ಅವರು ಬಂದರು. ಹಳೆ ಮೆಷಿನ್ ಕೊಡಿಸೋದು, ಮಾರಿಸೋದು ಅವರ ವ್ಯವಹಾರ. ಸಾಂತ್ವನ ಹೇಳೋಕೆ ಬಂದವರು ಸರ್ ಫೋಟೋ ನೋಡುವ ಮುಂಚೆ ಮೆಷಿನ್ ಬಾಗಿಲು ತೆಗೆದು ಇಣುಕಿದರು! "ಸ್ಪಿಂಡಲ್ ಹೋಗಿದೆ ಮೇಡಂ. ಬಂದಷ್ಟಕ್ಕೆ ಕೊಟ್ಬಿಡಿ." ಪೀಸು ಕೆಡ್ತಿರೋದು ಇವರಿಗೆ ಹೇಗೆ ಗೊತ್ತಾಯ್ತು? ಅದು ಇನ್ನೂ ವಿಚಾರಣೆಯಲ್ಲಿದೆ. ಉರಿಯೋ ಮನೇಲಿ ಗಳ ಹಿರಿಯೋದು ಅಂತಾರಲ್ಲ, ಅದು ನೆನಪಾಯ್ತು. ನಯನಾ ಮೇಡಂ ಸೋತಿದ್ದರು. ಇವತ್ತಿನ ಸಭೆ ಮುಗಿದ ಮೇಲೆ ಮಾರೋ ಮಾತು ಕೊಡ್ತೀನಿ ಅಂದುಬಿಟ್ಟಿದ್ದರು.

ನನಗೆ ಇನ್ನೊಬ್ಬರ ಮೇಲೂ ಅನುಮಾನ. ಸರ್ ಅಣ್ಣ, ಲಕ್ಕಣ್ಣನವರು. ಈ ಜಾಗದಲ್ಲಿ ಪಿಜಿ ಕಟ್ಟೋಣ ಅಂದವರು ಅವರು, ಮೆಷಿನ್ ತರ್ತೀನಿ ಅಂದವರು ಸರ್. ಅಲ್ಲಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಶೆಡ್ ತೆಗೆದ ದಿನವೇ ಅವರು ಹಿಂದಿನ ಬಾಗಿಲಿಂದ ಕೈ ಒರೆಸಿಕೊಂಡು ಹೊರಗೆ ಬಂದಿದ್ದನ್ನು ನಾನು ಕಂಡೆ. ಆಮೇಲೆ ಹೊಂಗೆ ಮರದ ಕೆಳಗೆ ವಿಜಯ್ ಕುಮಾರ್ ಜೊತೆ ಗುಸುಗುಸು. ಕಾಮಾಲೆ ಕಣ್ಣು ಅನ್ನಿ ಬೇಕಾದರೆ. ನೀವಾಗಿದ್ದರೆ ಏನಂದುಕೊಳ್ತಿದ್ರಿ?

ನಿನ್ನೆ ಬೆಳಗ್ಗೆ ಕೆಟ್ಟ ಪೀಸುಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ನಂಬರ್ ನೋಡಿದೆ. ನಾಲ್ಕು. ಇನ್ನೊಂದು — ನಾಲ್ಕು. ಅದೂ ನಾಲ್ಕೇ. ಕೊರೆಯೋ ಸ್ಪಿಂಡಲ್ ಎಲ್ಲಕ್ಕೂ ಒಂದೇ, ಅದು ಹೋಗಿದ್ದರೆ ಎಲ್ಲ ಪ್ಯಾಲೆಟ್ಟಿನ ಪೀಸೂ ಕೆಡಬೇಕಿತ್ತಲ್ಲ? ಕಳ್ಳನ ಹೆಸರು ಸಿಕ್ಕಿಬಿಡ್ತು. ನಾಲ್ಕನೇ ಪ್ಯಾಲೆಟ್ ಬಿಚ್ಚಿಸಿ, ಸರ್ ಸವರುತ್ತಿದ್ದ ಹಾಗೇ ಅಂಗೈ ಸವರಿದೆ. ಏನೋ ತಡೀತು. ಉಗುರಲ್ಲಿ ಕೆರೆದು ತೆಗೆದರೆ — ಒಂದು ಅಕ್ಕಿಕಾಳು. ಒತ್ತಿ ಒತ್ತಿ ಚಪ್ಪಟೆಯಾಗಿ ಕಬ್ಬಿಣಕ್ಕೇ ಅಂಟಿಕೊಂಡಿತ್ತು. ಅದರ ಮೇಲೆ ಕೂತ ಪೀಸು ಓರೆಯಾಗದೆ ಇರುತ್ತಾ?

"ಯಾರ್ರೀ ಇಲ್ಲಿ ಊಟದ ಡಬ್ಬಿ ತೆಗೆದಿದ್ದು?" ಅಂತ ಕೂಗಿದೆ, ಅನ್ನದ ಅಗುಳು ಅಂದ್ಕೊಂಡು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಮ್ಮ ಆಪರೇಟರ್ ಹೇಮಂತ ಮೊದಲು ಬಾಯಿಬಿಟ್ಟ. "ನಂದು ರೊಟ್ಟಿ ಐತ್ರಿ ಮೇಡಂ. ಅನ್ನ ನಾ ತರೂದೇ ಇಲ್ರಿ." ಆಗ ಬಾಗಿಲ ಹತ್ತಿರದಿಂದ ಒಂದು ದನಿ ಬಂತು.

"ನಂದು ಕಣಮ್ಮ."

ಲಕ್ಕಣ್ಣನವರು. ಅವರು ಹೇಳಿದ್ದನ್ನು ಹಾಗೇ ಹೇಳ್ತೀನಿ, ಅವರನ್ನೇ ಕೇಳಿಕೊಂಡು ಬಂದಿದ್ದೀನಿ. "ಅವತ್ತು ಎಲ್ರೂ ಅವನ ಬಾಯಿಗೆ ಅಕ್ಕಿ ಆಕಿದ್ರು. ನಾನು ಬೇಲಿತಾವೇ ನಿಂತ್ಬುಟ್ಟೆ. ಮಾತು ಬಿಟ್ಟಿದ್ನಲ್ಲ, ಯಾವ ಮಕ ಇಟ್ಕೊಂಡು ಒಳೀಕ್ಕೋಗ್ಲಿ? ಅಕ್ಕಿ ಜೇಬಲ್ಲೇ ಉಳ್ಕೊಂತು. ಅವನು ದಿನಾ ಇಲ್ಲಿ ಕೈಯಿಟ್ಟು ಸವರೋನು. ಆ ಕಿಟಕೀಲಿ ನೋಡ್ತಿದ್ದೆ. ಅದ್ಕೇ ಇಲ್ಲೇ ಆಕ್ದೆ."

ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಆದರೂ ಹೊಂಗೆ ಮರದ ಕೆಳಗೆ ಏನು ಮಾತು ಅಂತಲೂ ಕೇಳಿದೆ, ಬಿಡ್ತೀನಾ? "ಮಿಷಿನ್ ಮುಟ್ಟುದ್ರೆ ಕಾಲ್ ಮುರೀತೀನಿ ಅಂದೆ." ಹಿಂದಿನ ಸಾಲಿನಲ್ಲಿರೋ ವಿಜಯ್ ಕುಮಾರ್ ಅವರೇ, ನಿಜಾನಾ? — ತಲೆ ಆಡಿಸ್ತಿದ್ದಾರೆ. ಸರಿ, ಈ ಮಾತೊಂದನ್ನು ನಂಬ್ತೀನಿ.

ಕಾಳು ಹಾಕಿದ್ದು ಅಣ್ಣ. ಸವರದೆ ಅದರ ಮೇಲೆ ಪೀಸು ಕೂರಿಸಿದ್ದು ನಾವು. ನಮ್ಮ ಪಾಲಿನ ಅನುಮಾನವನ್ನೆಲ್ಲ ಸರ್ ಒಬ್ಬರೇ ಪಡ್ತಾರೆ ಅಂತ ಬಿಟ್ಟಿದ್ವಿ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಹಿರಿಯರು. ಸರ್ ಅಷ್ಟೊಂದು ಅನುಮಾನ ಪಟ್ಟಿದ್ದಕ್ಕೇ ಇವತ್ತು ಅವರ ಅಣ್ಣನ ಮೇಲಿನ ಅನುಮಾನ ಕಳೀತು.

ಈ ಬೆಳಗ್ಗೆ ನಾಲ್ಕನೇ ಪ್ಯಾಲೆಟ್ಟಿನ ಹೊಸ ಪೀಸು ಅಳೆದು, ಸರಿಯಾಗಿದೆ ಅಂತ ನಯನಾ ಮೇಡಂ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇನ್ನೊಂದ್ಸಲ ಅಳತೆ ಹಾಕು" ಅಂದರು. ಆಗ ಗೊತ್ತಾಯ್ತು ನನಗೆ, ಈ ಶೆಡ್ಡಿಗೆ ಓನರ್ ಸಿಕ್ಕಿದರು ಅಂತ. ವಿಜಯ್ ಕುಮಾರ್ ಅವರೇ, ಕಾಫಿ ಕುಡಿದುಕೊಂಡು ಹೋಗಿ.

ಗೋಡೆಯಾಚೆ ಮೆಷಿನ್ ಓಡ್ತಿರೋದು ಕೇಳಿಸ್ತಿದೆಯಲ್ಲ? ಮೌನಾಚರಣೆಗೆ ನಿಲ್ಲಿಸಬೇಕಾ ಅಂತ ಹೇಮಂತ ಕೇಳಿದ. ಬೇಡ ಅಂದೆ. ಪ್ಯಾಲೆಟ್ ಬದಲಾಗುವಾಗ ಅದು ತಾನಾಗೇ ಸ್ವಲ್ಪ ಹೊತ್ತು ಸುಮ್ಮನಾಗುತ್ತೆ. ನಮ್ಮ ಸರ್‌ಗೆ ಅಷ್ಟು ಮೌನ ಸಾಕು, ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಎದ್ದು ಬಂದು ಬೈತಾರೆ. ಮುಂದೆ ಒಳಗೆ ಹೋಗೋದು ನಾಲ್ಕನೇದು. ಅದನ್ನು ಲಕ್ಕಣ್ಣನವರೇ ಸವರಿ, ಪೀಸು ಕೂರಿಸಿ ಬಂದಿದ್ದಾರೆ. — ಅವರಾದ ಮೇಲೆ ನಾನೂ ಒಂದು ಸಲ ಸವರಿದ್ದೀನಿ, ಬೇಜಾರು ಮಾಡ್ಕೋಬೇಡಿ ಲಕ್ಕಣ್ಣ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮೆಷಿನ್ ಮತ್ತೆ ಶುರುವಾದಾಗ ಕೂತ್ಕೊಳ್ಳೋಣ.

ಅಗೋ — ನಿಂತಿತು.