ಶರಣವ್ವನ ಮಗಳ ಹಸಿರು ಫ್ರಾಕು

ಇದು ಎಲ್ಲೋ ಕೇಳಿದ್ದಲ್ಲ. ನನ್ನ ಚಿಕ್ಕಮ್ಮನ ಮಗಳು ಯಕ್ಷಿತಾಳಿಗೇ ಆದದ್ದು. ಮುಂಬಯಿಯ ಅಂಧೇರಿಯಲ್ಲಿ ರೂಮು ಮಾಡಿಕೊಂಡು ಶಾರ್ಟ್ ಫಿಲ್ಮುಗಳಿಗೆ ಕಾಸ್ಟ್ಯೂಮ್ ಮಾಡ್ತಾಳಲ್ಲ... ಅವಳೇ.

ಕಳೆದ ಡಿಸೆಂಬರು. ಕಾಂದಿವಲಿಯ ಒಂದು ಚಾಳಿನಲ್ಲಿ, ಸಾಲು ಖೋಲಿಗಳ ವಠಾರದಲ್ಲಿ, ಶೂಟಿಂಗ್. ಮೊದಲ ದಿನ ಪ್ಯಾಕಪ್ ಆಗುವಾಗ ತುಂಬ ತಡವಾಗಿತ್ತು. ಬಟ್ಟೆಯ ಬ್ಯಾಗು ಹೆಗಲಿಗೆ ಹಾಕಿ ಒಬ್ಬಳೇ ಸ್ಟೇಷನ್ ಕಡೆ ಹೊರಟಳು. ಚಾಳಿನ ಹಿಂದೆ ಹಳೇ ಬಾವಿ. ಬಾಯಿಗೆ ಕಬ್ಬಿಣದ ಜಾಳಿ ಹಾಕಿ ಬೀಗ ಜಡಿದಿದ್ದಾರೆ. ಅಲ್ಲಿಗೆ ಬರುವಾಗ ಕೇಳಿಸಿತು... ಟಪ್. ಸ್ವಲ್ಪ ಬಿಟ್ಟು ಇನ್ನೊಮ್ಮೆ, ಟಪ್.

ತಲೆ ಎತ್ತಿದರೆ, ಹಗ್ಗದ ಮೇಲೆ ಒಂದು ಹಸಿರು ಫ್ರಾಕು. ಆ ಹೊತ್ತಿನಲ್ಲಿ ಯಾರೋ ಒಗೆದು ಹಾಕಿದ್ದು. ಅದರ ನೀರು ಜಾಳಿಯ ಮೇಲೆ ಬೀಳ್ತಿತ್ತು.

ಯಕ್ಷಿತಾ ಹೆದರಲಿಲ್ಲ. ಅವಳಿಗೆ ಕಂಡದ್ದು ಬಟ್ಟೆ ಮಾತ್ರ. ಹೊಸ ಬಟ್ಟೆಯನ್ನು ಚಹಾದ ನೀರಿನಲ್ಲಿ ಅದ್ದಿ, ಕಲ್ಲಿಗೆ ಉಜ್ಜಿ ಹಳತು ಮಾಡೋದು ಅವಳ ಕೆಲಸ. ಇದು ನಿಜವಾಗಿಯೂ ಸವೆದದ್ದು. ಹುಡುಗಿ ಬೆಳೆದ ಹಾಗೆ ಅಂಚು ಬಿಚ್ಚಿ ಬಿಚ್ಚಿ ಉದ್ದ ಮಾಡಿದ ಗೆರೆಗಳು ಕಾಣ್ತಿದ್ದವು.

ಮೆಟ್ಟಿಲ ಮೇಲೆ ಕತ್ತಲೆಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಶರಣವ್ವ ಅಂತ, ಕಲಬುರಗಿ ಕಡೆಯವಳು.

"ಅಕ್ಕಾ, ಆ ಫ್ರಾಕು ಒಂದು ದಿನಕ್ಕೆ ಕೊಡ್ತೀರಾ? ಶೂಟಿಂಗಿಗೆ."

"ಇಲ್ಲವ್ವಾ. ಅದು ನನ್ನ ಮಗಳದು."

"ಅವಳನ್ನೇ ಕೇಳ್ತೇನೆ. ಎಲ್ಲಿದ್ದಾಳೆ?"

ಹೆಂಗಸು ಗದ್ದ ಎತ್ತಿ ಬಾವಿ ಕಡೆ ತೋರಿಸಿದಳು.

ಮರುದಿನ ಡೈರೆಕ್ಟರ್ ತಿಲಕನಿಗೆ ಹೇಳಿದರೆ ಅವನಿಗೆ ಎಲ್ಲ ಗೊತ್ತಿತ್ತು. ಶರಣವ್ವನ ಮಗಳು ನೀಲವ್ವ, ಹದಿಮೂರರ ಹುಡುಗಿ, ತಲೆ ತುಂಬ ಹೇನು, ನೀರು ಸೇದುವಾಗ ಕಾಲು ಜಾರಿ ಬಿದ್ದು ಸತ್ತಳು, ಆಮೇಲೆಯೇ ಜಾಳಿ ಹಾಕಿದ್ದು. ಅದನ್ನು ಕೇಳಿಯೇ ಅವನು ಫಿಲ್ಮು ಬರೆದದ್ದು. ತಾಯಿಗೆ ಒಂದು ಮಾತೂ ಹೇಳಿರಲಿಲ್ಲ. "ಆ ಫ್ರಾಕೇ ಬೇಕು," ಅಂದ. "ಹೇಗಾದರೂ ತಾ."

ಇವಳು ಸಂಜೆ ಹೋಗಿ ಹಗ್ಗದಿಂದ ಎಳೆದು ತಂದಳು. ಕ್ಲಿಪ್ಪು ಚಟ್ ಅಂತ ಮುರಿಯಿತು. ಒಳಗೆ ಶರಣವ್ವನ ಸ್ಟೋವು ಭುಸ್ ಅಂತ ಉರಿಯುತ್ತಿತ್ತು, ಅವಳಿಗೆ ಕೇಳಿಸಲಿಲ್ಲ.

ಆ್ಯಕ್ಟ್ ಮಾಡುವ ಹುಡುಗಿಯ ಹೆಸರು ಸಾಯಲಿ. ಪುಣೆಯವಳು, ಕನ್ನಡದ ಒಂದಕ್ಷರ ಬಾರದು. ಫ್ರಾಕಿನ ಅಂಚುಗಳು ಬೆನ್ನ ಮೇಲೆ ಸೇರಲಿಲ್ಲ ಅಂತ ಯಕ್ಷಿತಾ ಅವಳ ಮೈಮೇಲೆಯೇ ಸೂಜಿ ದಾರದಲ್ಲಿ ಹೊಲಿದಳು. ರಾತ್ರಿ ಬಕೆಟ್ಟಿನಲ್ಲಿ ನೀರು ತಂದು ತಲೆ ಮೇಲೆ ಸುರಿದರು. ಬಾವಿಯ ಕಡೆ ಮುಖ ಮಾಡಿ ನಿಲ್ಲಿಸಿದರು. ಕ್ಯಾಮೆರಾ ಅವಳ ಬೆನ್ನ ಹಿಂದೆ.

ಆಗ ಶರಣವ್ವ ಫ್ರಾಕು ಹುಡುಕಿಕೊಂಡು ಬಂದಳು.

ಲೈಟಿನಲ್ಲಿ ಹಸಿರು ಫ್ರಾಕು, ಒದ್ದೆ ಕೂದಲು... ಬೆನ್ನು ಮಾತ್ರ. ಅವಳು ನಿಂತೇಬಿಟ್ಟಳು. "ನೀಲಾ..." ಅಂದಳು, ಮೆಲ್ಲಗೆ.

ಯಕ್ಷಿತಾ ತಡೀಲಿಕ್ಕೆ ಹೋದಳು. ತಿಲಕ್ ಅವಳ ತೋಳು ಹಿಡಿದ. "ಬಿಡು. ಅಳ್ತಾಳೆ ಈಗ. ಕ್ಯಾಮೆರಾ ರೋಲ್ ಆಗ್ತಿದೆ," ಅಂತ ಪಿಸುಗುಟ್ಟಿದ.

ಶರಣವ್ವ ಅಳಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಹೋದಳು. ಬೆನ್ನ ಕಡೆ ಕೈ ಚಾಚಿದಳು... ಆಗ ಸಾಯಲಿಯ ಕಡೆಯಿಂದ ಮಾತು ಬಂತು. ಗಂಟಲಲ್ಲಿ ನೀರು ಗುಳುಗುಳು ಅನ್ನುವಂಥ ದನಿ.

"ಯವ್ವಾ, ದೂಡಬ್ಯಾಡ... ಇನ್ನ ಹಟ ಮಾಡೂದಿಲ್ಲ."

ಅಷ್ಟೇ. ಶರಣವ್ವ ಚಾಚಿದ ಕೈ ಹಾಗೇ ನಿಂತಿತ್ತು.

ತಿಲಕ್ ಕಟ್ ಹೇಳಿ ಓಡಿ ಬಂದ. ಅವನಿಗೂ ಕನ್ನಡ ಬಾರದು, ಆದರೂ ಖುಷಿಯೋ ಖುಷಿ. "ಏನಂದಳು, ಏನಂದಳು?" ಸಾಯಲಿ, ತಾನು ಬಾಯಿಯೇ ತೆರೆಯಲಿಲ್ಲ ಅಂದಳು. ಅವನು ಯಕ್ಷಿತಾಳ ಕಡೆ ತಿರುಗಿದ. ಗ್ರಾಂಟ್ ರೋಡಿನ ಅಪ್ಪನ ಹೋಟೆಲಿನಲ್ಲಿ ಕಲಬುರಗಿ ಹುಡುಗರ ಜೊತೆ ಬೆಳೆದವಳು ಇವಳು. ಒಂದೊಂದು ಶಬ್ದವೂ ಅರ್ಥವಾಗಿತ್ತು.

"ಅಮ್ಮಾ, ಚಳಿ ಆಗ್ತದೆ ಅಂದಳು," ಅಂತ ಹೇಳಿದಳು.

ಅವನು ಹೋದ ಮೇಲೆ ಶರಣವ್ವ ಬಂದು ಇವಳ ಮಣಿಕಟ್ಟು ಹಿಡಿದಳು.

"ನಿನಗ ತಿಳೀತೇನು?"

"ಇಲ್ಲ ಅಕ್ಕಾ. ನನಗೆ ಕನ್ನಡ ಬರೋದಿಲ್ಲ."

ಕನ್ನಡದಲ್ಲೇ ಹೇಳಿದಳು. ಶರಣವ್ವ ಅವಳ ಮುಖ ನೋಡಿದಳು. ಆಮೇಲೆ ಕೈ ಬಿಟ್ಟಳು.

"ಅಂಗಿ ಬಿಚ್ಚಿಸಿ ಕೊಡು. ಒಗೀಬೇಕು."

ಇವಳು ಹೊಲಿಗೆ ಕತ್ತರಿಸಿ ಕೊಟ್ಟಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಫ್ರಾಕು ಕದ್ದ ಮಾತು ಮೊದಲು ಹೊರಗೆ ಬರ್ತದೆ. ಫಿಲ್ಮು ಮುಗಿದಿದೆ, ಆ ಶಾಟೂ ಇದೆ. ಕೆಳಗೆ ಸಬ್‌ಟೈಟಲಿನಲ್ಲಿ ಇವಳು ಹೇಳಿದ ಸುಳ್ಳೇ ಬರೆದಿದ್ದಾರೆ. ನೋಡಿದವರು ಕಣ್ಣು ಒರೆಸಿಕೊಳ್ತಾರಂತೆ. ಶರಣವ್ವ ಇನ್ನೂ ಚಾಳಿನ ಅದೇ ಖೋಲಿಯಲ್ಲಿದ್ದಾಳೆ.

ನಾನು ಯಕ್ಷಿತಾಳ ಬಾಯಿ ಮಾತು ನಂಬಿ ಹೇಳ್ತಿಲ್ಲ. ಹೇರ್ ಮಾಡುವ ಗುಲಾಫಶಾಳನ್ನು ಖುದ್ದು ಕೇಳಿದ್ದೇನೆ. ಆ ದಿನ ಮಧ್ಯಾಹ್ನ ಸಾಯಲಿಯ ತಲೆಗೆ ಶಾಂಪೂ ಹಾಕಿ, ಕೂದಲು ಒಣಗಿಸಿ, ಬಾಚಿದವಳು ಅವಳೇ. ಚೊಕ್ಕ ಕೂದಲು. ರಾತ್ರಿ ಶಾಟು ಮುಗಿದ ಮೇಲೆ ಟವೆಲು ಹಾಸಿ ಬಾಚಣಿಗೆ ಹಾಕಿದರೆ... ಹೇನು. ಒಂದೆರಡಲ್ಲ. ಬಿಳೀ ಟವೆಲಿನ ಮೇಲೆ ಉದುರಿ ಹರಿದಾಡ್ತಿದ್ದವು. ಗುಲಾಫಶಾ ಉಗುರಿನಲ್ಲಿ ಒತ್ತಿ ಕೊಂದಳಂತೆ. ಟಿಕ್... ಟಿಕ್... ಬೆಳಗಿನವರೆಗೂ. ನಿಜ ಹೇಳ್ತೇನೆ, ಬೇಕಾದರೆ ಅವಳ ನಂಬರು ಕೊಡ್ತೇನೆ, ಈಗಲೇ ಫೋನ್ ಮಾಡಿ ಕೇಳಿ.