ಕೆಲಮಂಗಲದ ಕಲ್ಲು ಗ್ಯಾಲರಿ

ಅಧ್ಯಕ್ಷರ ಕುರ್ಚಿಯಲ್ಲಿರುವ ನಾರಾಯಣಪ್ಪನವರೇ, ಮತ್ತಿಗಿರಿಯಿಂದ ಗಾಡಿ ಕಟ್ಟಿಕೊಂಡು ಬಂದು ಆಗಲೇ ಮೈದಾನಕ್ಕಿಳಿದಿರುವ ಎದುರು ತಂಡದ ಮಿತ್ರರೇ, ಕಲ್ಲು ಕಾದಿದೆಯೆಂದು ಟವಲು ಮಡಚಿ ಅದರ ಮೇಲೆ ಕೂತಿರುವ ಸಭಿಕರೇ,

ಈ ಗ್ಯಾಲರಿ ಕಟ್ಟಿಸಿದ್ದಕ್ಕಾಗಿ ಹುಣಸೆಹಣ್ಣಿನ ಮಂಡಿಯ ರಾಮಾಂಜಿನಪ್ಪನಾದ ನನಗೆ ನೀವು ಶಾಲು ಹೊದಿಸಿದ್ದೀರಿ. ಈ ಬಿಸಿಲಿಗೆ ಶಾಲು! ಆದರೂ ತೆಗೆಯಲಾರೆ, ಇಂಥದೊಂದಕ್ಕಾಗಿ ಇಪ್ಪತ್ತು ವರ್ಷ ಕಾದಿದ್ದೇನೆ. ಎರಡು ಮಾತಿನಲ್ಲಿ ಮುಗಿಸಬೇಕೆಂದಿದ್ದೆ. ಸ್ವಲ್ಪ ಎಳೆಯಿರಿ ಎಂದು ಕಮಿಟಿಯವರು ಕಿವಿಯಲ್ಲಿ ಹೇಳಿದ್ದಾರೆ. ಕಾರಣ ನಿಮಗೇ ಕಾಣುತ್ತಿದೆ. ಮೈದಾನದಲ್ಲಿ ನಮ್ಮವರು ಹತ್ತೇ ಜನ. ಗೋಲು ಹೊಡೆಯುವ ಆವುಲಪ್ಪ ಇನ್ನೂ ಬಂದಿಲ್ಲ.

ಬರುತ್ತಾನೆ, ಬರುತ್ತಾನೆ. ಅಲ್ಲಿಯವರೆಗೆ ಗ್ಯಾಲರಿಯ ವಿಚಾರ ಮಾತಾಡೋಣ.

ಇದಕ್ಕೆ ಸುರಿದ ದುಡ್ಡು ದಂಡವೇ? ಅಧ್ಯಕ್ಷರು ಮೊದಲ ದಿನವೇ ಕೇಳಿದ್ದರು: "ವರ್ಸಕ್ಕೆ ನಾಕು ಸಲ ಚೆಂಡು ಒದೆಯಾಕೆ ಇಷ್ಟು ಕಲ್ಲು ಯಾಕಪ್ಪಾ? ಆ ದುಡ್ನಾಗೆ ಇಸ್ಕೂಲಿಗೆ ಎರಡು ರೂಮು ಹಾಕ್ಸು." ನಾನೇನು ಹೇಳಿದೆ? ಸ್ವಾತಂತ್ರ್ಯ ಬಂದು ಎರಡು ವರ್ಷವಾಯಿತು, ಊರು ಮುಂದೆ ಬರಬೇಡವೇ ಎಂದೆ. ಗ್ಯಾಲರಿಗೂ ಸ್ವಾತಂತ್ರ್ಯಕ್ಕೂ ಏನು ಸಂಬಂಧ ಎಂದು ಅವರು ಕೇಳಲಿಲ್ಲ. ಮಕ್ಕಳು ಇವತ್ತಿಗೂ ಮರದ ಕೆಳಗೆ ಮಗ್ಗಿ ಹೇಳುತ್ತಿದ್ದಾರೆ.

ಆಟದ ಮೇಲಿನ ಪ್ರೀತಿಯಿಂದ ಕಟ್ಟಿಸಿದೆ ಎಂದು ಸ್ವಾಗತ ಭಾಷಣದಲ್ಲಿ ಹೇಳಿದರು. ನಾನೆಂಥ ಆಟಗಾರನೆಂದು ಮತ್ತಿಗಿರಿಯವರನ್ನು ಕೇಳಿ. ಗೋಲ್‌ಕೀಪರಾಗಿ ನಿಂತು ಒಂದೇ ಸಂಜೆ ಅವರಿಂದ ಒಂಬತ್ತು ಗೋಲು ತಿಂದವನು ನಾನು. ಹತ್ತನೆಯ ಚೆಂಡು ನನ್ನ ಹೊಟ್ಟೆಗೆ ಬಡಿದು ತಾನಾಗಿ ಹೊರಗೆ ಹೋಯಿತು. ಅದನ್ನು ತಡೆದೆನೆಂದು ಇವತ್ತಿಗೂ ಹೇಳಿಕೊಂಡು ತಿರುಗುತ್ತೇನೆ.

ನಿಜವಾದ ಕಾರಣ ಬೇರೆ. ಒಮ್ಮೆ ಬೆಂಗಳೂರಿನಲ್ಲಿ ಟಿಕೆಟ್ಟು ಕೊಂಡು, ಪಂದ್ಯ ನೋಡಲು ಗ್ಯಾಲರಿಯಲ್ಲಿ ಕೂತಿದ್ದೆ. ಬೂಟು ಹಾಕಿದ ಒಬ್ಬ ಬಂದು ನನ್ನ ಪಂಚೆಯನ್ನೂ ಧೂಳು ಕಾಲನ್ನೂ ನೋಡಿ, "ಏಯ್, ಏಳು, ಆ ಕಡೆ ಹೋಗು" ಎಂದ. ಟಿಕೆಟ್ಟು ಕೈಯಲ್ಲೇ ಇತ್ತು. ತೋರಿಸಲಿಲ್ಲ. ಎದ್ದು ಹೋದೆ. ಗೋಡೆಯ ಹತ್ತಿರ ನಿಂತು ಆಟ ನೋಡಲಿಲ್ಲ, ನಾನು ಕೂತಿದ್ದ ಜಾಗವನ್ನೇ ನೋಡಿದೆ. ನಮ್ಮೂರಲ್ಲೇ ಒಂದು ಗ್ಯಾಲರಿ ಕಟ್ಟಿಸಿ, ಯಾರೂ ಎಬ್ಬಿಸದ ಹಾಗೆ ನಡುಮಧ್ಯೆ ಕೂರಬೇಕೆಂದು ಅಂದೇ ನಿಶ್ಚಯಿಸಿದೆ. ಇದನ್ನು ನನ್ನ ಹೆಂಡತಿ ಪಾರ್ವತಮ್ಮನಿಗೂ ಹೇಳಿರಲಿಲ್ಲ. ಹೆಂಗಸರ ಕಡೆ ಕೂತು ಈಗ ಕೇಳಿಸಿಕೊಳ್ಳುತ್ತಿದ್ದಾಳೆ.

ಆವುಲಪ್ಪ ಬಂದನೇ? ಇಲ್ಲವೇ?

ಇರಲಿ. ಗ್ಯಾಲರಿ ಇಲ್ಲದಾಗ ನಾವು ಹೇಗೆ ನೋಡುತ್ತಿದ್ದೆವು? ಹಗ್ಗ ಕಟ್ಟಿ ಸುತ್ತಲೂ ನಿಲ್ಲುತ್ತಿದ್ದೆವು. ಗೌಡರ ಹೆಗಲಿಗೆ ಊರಾಚೆಯ ಕೇರಿಯವನ ಹೆಗಲು ತಾಗುತ್ತಿತ್ತು. ಗೋಲು ಬಿದ್ದಾಗ ಯಾರು ಯಾರನ್ನು ತಬ್ಬಿಕೊಂಡರೆಂದು ಯಾರು ನೋಡಿದರು? ಚೆಂಡು ಹರಿದರೆ ಕೇರಿಯಲ್ಲಿ ಆವುಲಪ್ಪನ ಅಪ್ಪ ಹೊಲಿದುಕೊಡುತ್ತಿದ್ದ. ಅದನ್ನು ನಾವೆಲ್ಲ ತಲೆಯಿಂದಲೇ ಹೊಡೆದೆವು. ಒಬ್ಬರೂ ಮನೆಗೆ ಹೋಗಿ ತಲೆ ತೊಳೆಯಲಿಲ್ಲ. ಈಗ ಏಳು ಮೆಟ್ಟಿಲು ಕಟ್ಟಿಸಿದ್ದೇನೆ. ಮೆಟ್ಟಿಲು ಬಂದಮೇಲೆ ಮೇಲಿನವರು, ಕೆಳಗಿನವರು ಬೇಕಲ್ಲ? ಯಾವ ಮೆಟ್ಟಿಲು ಯಾರಿಗೆ ಎಂದು ಪಟ್ಟಿ ಬರೆದವನು ನಾನೇ. ಕೇರಿಯವರಿಗೆ ಯಾವ ಮೆಟ್ಟಿಲನ್ನೂ ಬರೆಯಲಿಲ್ಲ.

ಸಭಿಕರೇ, ಇಷ್ಟೆಲ್ಲ ಹೇಳಬೇಕೆಂದಿರಲಿಲ್ಲ. ಕಮಿಟಿಯವರು ಎಳೆಯಲು ಹೇಳಿದರು. ಎಳೆದರೆ ಇದೇ ಬರುತ್ತಿದೆ.

ಇವತ್ತು ಮಧ್ಯಾಹ್ನ ಆವುಲಪ್ಪನ ತಾಯಿ ಮುನಿಗಂಗಮ್ಮ ಮಗನ ಆಟ ನೋಡಲು ಬಂದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದಳು. ಈ ಗ್ಯಾಲರಿಗೆ ಮೂರು ತಿಂಗಳು ಗಾರೆ ಹೊತ್ತವಳು ಅವಳು. ನಾನು ಹೋಗಿ, "ಏಳಮ್ಮಿ, ಅತ್ಲಾಗೆ ಹಗ್ಗದ ತಾವ ನಿಂತ್ಕೋ, ಇಲ್ಲಿ ದೊಡ್ಡೋರು ಬತ್ತಾರೆ" ಎಂದೆ. "ಆಗ್ಲಿ ಸಾಮಿ" ಎಂದು ಎದ್ದಳು. ಎದ್ದವಳು ತಾನು ಕೂತಿದ್ದ ಕಲ್ಲನ್ನು ಸೆರಗಿನಿಂದ ಒರೆಸಿದಳು.

ಆವುಲಪ್ಪ ನೋಡುತ್ತಿದ್ದ. ತಂಡದ ಬನೀನು ಬಿಚ್ಚಿ, ಮಡಚಿ, ನನ್ನ ಕುರ್ಚಿಯ ಮೇಲಿಟ್ಟ. "ನೀವು ಆಡ್ರಣ್ಣ. ನಮ್ಮವ್ವನ್ನ ಮನೆಗೆ ಬಿಟ್ಬತ್ತೀನಿ" ಎಂದ. ಬರುತ್ತೇನೆ ಎಂದಿದ್ದಾನಲ್ಲ ಎಂದು ಕಮಿಟಿಯವರಿಗೆ ಧೈರ್ಯ ಹೇಳಿದವನೂ ನಾನೇ. ಅವನು ಬರುವುದಿಲ್ಲವೆಂದು ನನಗೆ ಆಗಲೇ ಗೊತ್ತಿತ್ತು. ನನಗೆ ನಾಚಿಕೆಯಾಗುತ್ತಿದೆ, ಸ್ವಾಮಿ. ಜೋರಾಗಿಯೇ ಆಗುತ್ತಿದೆ.

ಆದ್ದರಿಂದ ನಾನೀಗ ಅವರನ್ನು ಕರೆಯಲು ಹೋಗುತ್ತೇನೆ. ಬರುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ಆದರೆ ಒಂದು ತೊಡಕಿದೆ. ಚೆಂಡು ಹೊಲಿಸಬೇಕಾದಾಗಲೂ ಆಳನ್ನೇ ಕಳಿಸಿದೆನೇ ಹೊರತು ನಾನೊಂದು ದಿನ ಆ ಕೇರಿಯೊಳಗೆ ಕಾಲಿಟ್ಟವನಲ್ಲ. ಐವತ್ತೆರಡು ವರ್ಷದಿಂದ ಇದೇ ಊರಿನಲ್ಲಿದ್ದೇನೆ. ಆವುಲಪ್ಪನ ಮನೆ ಯಾವುದೆಂದು ನನಗೆ ಗೊತ್ತಿಲ್ಲ.

ಹಗ್ಗದ ಹತ್ತಿರ ನಿಂತಿರುವವರಲ್ಲಿ ಯಾರಾದರೂ ದಯಮಾಡಿ ದಾರಿ ತೋರಿಸಿ. ತಡವಾಗುವುದಕ್ಕೆ ಮತ್ತಿಗಿರಿಯವರು ಕ್ಷಮಿಸಬೇಕು. ಇಷ್ಟು ಹೊತ್ತು ನನ್ನನ್ನು ಸಹಿಸಿದ ನಿಮಗೆಲ್ಲ ಕೃತಜ್ಞನಾಗಿದ್ದೇನೆ. ನಮಸ್ಕಾರ.