ಮೈಂಡ್ ಅಂದರೆ ಮನಸ್ಸಲ್ಲ

ಹೊನ್ನಾವರದ ಬಸ್ ನಿಲ್ದಾಣದಲ್ಲಿ ಕುಮಟಾ ಬಸ್ಸಿಗೆ ಕಾಯುತ್ತಿದ್ದ ದಿನಕರನ ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು. ತಂಗಿ ಆಗಷ್ಟೇ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸದ ಸಂದರ್ಶನ ಮುಗಿಸಿ ಬಂದಿದ್ದಳು.

“ಎಂತ ಕೇಳಿದ್ರೇ?”

“ವುಡ್ ಯು ಮೈಂಡ್ ನೈಟ್ ಡ್ಯೂಟಿ ಅಂದ್ರು. ನಾ ಎಸ್ ಮೇಡಂ ಅಂದೆ.”

“ಅಯ್ಯೋ, ಎಸ್ ಅಂದ್ಯಾ?”

“ಮತ್ತೆಂತ? ಮೈಂಡ್ ಅಂದ್ರೆ ಮನಸ್ಸಲ್ವಾ? ನಂಗೆ ಮನಸ್ಸಿತ್ತು.”

“ಅಲ್ಲ ಮಾರಾಯ್ತಿ, ಹಾಂಗೆ ಕೇಳಿದ್ರೆ ತಕರಾರು ಇದ್ಯಾ ಅಂತ ಅರ್ಥ. ನೋ ಅನ್ನಬೇಕಿತ್ತು.”

“ಅದ್ಕೇ ಮೇಡಂ ಮುಂದೆ ಎಂತದೂ ಕೇಳ್ಲಿಲ್ಲ.”

ದಿನಕರನಿಗೂ ಪಾಪ ಅನ್ನಿಸಿತು. ಅಷ್ಟರಲ್ಲಿ ಬಸ್ ಬಂತು.

“ಹತ್ತೇ, ಪಲ್ಲವಿ.”

“ನೀ ಹೋಗು. ನಾ ವಾಪಸ್ ಹೋಗಿ ಮೇಡಂಗೆ ಹೇಳ್ತೆ.”

“ಇಂಗ್ಲಿಷಲ್ಲಾ?”

“ಕನ್ನಡದಲ್ಲೇ.”

ಅಕ್ಕ ಒಂದು ಕ್ಷಣ ನಿಂತಳು. ಆಮೇಲೆ ಬಸ್ಸಿಗೆ ಬೆನ್ನು ಹಾಕಿ ತಂಗಿಯ ಹಿಂದೆಯೇ ನಡೆದಳು.